ಉದ್ದನೆಯ ಹೂಂ

ಅವಳಿಗೆ ನಲವತ್ತಮೂರು ತುಂಬಿತ್ತು. ಆದರೂ ಆ ಕಟ್ಟಡಕ್ಕೆ ಬರುತ್ತಿದ್ದ ಅರವತ್ತನಾಲ್ಕು ಮಂದಿ ಅಜ್ಜ ಅಜ್ಜಿಯರಿಗೆ ಅವಳು ‘ಗಡಿಯಾರದ ಹುಡುಗಿ’. ದಾರ ಕಟ್ಟಿದ ಸ್ಟಾಪ್‌ವಾಚೊಂದು ಅವಳ ಕೊರಳಲ್ಲಿ ಸದಾ ತೂಗುತ್ತಿದ್ದುದರಿಂದ ಬಂದ ಹೆಸರು. ಎಂಬತ್ತರ ಹತ್ತಿರ ಬಂದವರ ಕಣ್ಣಿಗೆ ನಲವತ್ತಮೂರರವಳು ಹುಡುಗಿಯೇ. ಅವಳೂ ಬೇಡ ಎನ್ನಲಿಲ್ಲ. ಈ ವಯಸ್ಸಿನಲ್ಲಿ ಹುಡುಗಿ ಎನ್ನಿಸಿಕೊಳ್ಳುವುದನ್ನು ಯಾರು ತಾನೇ ಬೇಡ ಎಂದಾರು.

ಅವಳ ಕೆಲಸ ಮನಶ್ಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ. ಪ್ರಯೋಗಾಲಯ ಎಂದ ಕೂಡಲೇ ಗಾಜಿನ ಕೊಳವೆ, ಬಣ್ಣಬಣ್ಣದ ನೀರು ಎಂದೆಲ್ಲ ಊಹಿಸಿಕೊಂಡು ಬಂದವರಿಗೆ ಅಲ್ಲಿ ಮುಖ ಸಪ್ಪಗಾಗುತ್ತಿತ್ತು. ನೆಲಮಹಡಿಯಲ್ಲಿ ಒಂದು ಕೋಣೆ. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಕಿಟಕಿಗೆ ಬೂದು ಬಣ್ಣದ ಪರದೆ, ಮೇಜಿನ ಮೇಲೆ ಮಾತು ಮುದ್ರಿಸಿಕೊಳ್ಳುವ ಅಂಗೈಯಗಲದ ಯಂತ್ರ. ಎದುರಿನ ಕುರ್ಚಿಯ ಒಂದು ಕಾಲು ಗಿಡ್ಡ. ಅದರ ಕೆಳಗೆ ಮಡಿಸಿಟ್ಟ ಕಾಗದವನ್ನು ವಾರಕ್ಕೊಮ್ಮೆ ಬದಲಾಯಿಸುವುದೂ ಅವಳ ಪಾಲಿಗೇ ಬಂದಿತ್ತು.

ಪ್ರಯೋಗ ಮೇಡಂ ಅವರದು. ಮೇಡಂ ಎಂದರೆ ವಿಭಾಗದ ಮುಖ್ಯಸ್ಥೆ, ನಕ್ಕರೂ ಅದಕ್ಕೊಂದು ದಿನಾಂಕ ಹಾಕಿಡುವಂಥ ಹೆಂಗಸು. ವಯಸ್ಸಾದವರ ಮರೆವಿಗೆ ಗುಳಿಗೆಯಿಲ್ಲದ ಒಂದು ಉಪಾಯವಿದೆಯೇ ಎನ್ನುವುದು ಅವರ ಪ್ರಶ್ನೆ. ಉಪಾಯದ ಹೆಸರು ‘ಮನೆ ಸುತ್ತುವ ಪಾಠ’. ನೆನಪಿಡಬೇಕಾದ ಒಂದೊಂದು ಮಾತನ್ನೂ ಮನಸ್ಸಿನಲ್ಲೇ ತಮ್ಮ ಮನೆಯ ಒಂದೊಂದು ಜಾಗದಲ್ಲಿ ಇಡಬೇಕು. ಗೇಟಿಗೆ ಕುದುರೆ ಕಟ್ಟಬೇಕು, ಚಪ್ಪಲಿ ಗೂಡಿನಲ್ಲಿ ನಿಂಬೆಹಣ್ಣು ಇಡಬೇಕು, ಮಂಚದ ಮೇಲೆ ಏಣಿ ಮಲಗಿಸಬೇಕು. ಆಮೇಲೆ ಬೇಕಾದಾಗ ಮನಸ್ಸಿನಲ್ಲೇ ಮನೆಯೊಳಗೆ ನಡೆದು ಒಂದೊಂದಾಗಿ ಎತ್ತಿಕೊಂಡು ಬರಬೇಕು.

ಇದರಿಂದ ನೆನಪು ನಿಜವಾಗಿಯೂ ಸುಧಾರಿಸುತ್ತದೆಯೇ ಎಂದು ತಿಳಿಯುವುದು ಹೇಗೆ? ಪಾಠ ಕಲಿತವರು ಗೆಲುವಾಗಿದ್ದಾರೆ ಎಂದರೆ ಸಾಲದು. ವಾರಕ್ಕೆರಡು ಸಲ ಮನೆಯಿಂದ ಹೊರಗೆ ಕರೆದು, ಕೂರಿಸಿ, ಮಾತಾಡಿಸಿದರೆ ಯಾವ ಮುದುಕರೂ ಗೆಲುವಾಗುತ್ತಾರೆ. ಅದಕ್ಕೇ ಮೇಡಂ ಚೀಟಿ ಎತ್ತಿ ಎರಡು ಗುಂಪು ಮಾಡಿದ್ದರು. ಮೂವತ್ತೆರಡು ಮಂದಿಗೆ ಮೇಲಿನ ಮಹಡಿಯಲ್ಲಿ ಮನೆ ಸುತ್ತುವ ಪಾಠ. ಉಳಿದ ಮೂವತ್ತೆರಡು ಮಂದಿ ಪಕ್ಕದ ಕೋಣೆಯಲ್ಲಿ ಅಷ್ಟೇ ಹೊತ್ತು ಕೂತು ಪೇಪರ್ ಓದಿ ಹರಟೆ ಹೊಡೆಯುವುದು. ಎರಡೂ ಗುಂಪಿಗೆ ಪಾಠದ ಮೊದಲೊಂದು, ಕೊನೆಗೊಂದು ಪರೀಕ್ಷೆ. ಪರೀಕ್ಷೆ ಮಾಡುವವಳು ಕೆಳಗಿನ ಗಡಿಯಾರದ ಹುಡುಗಿ. ಎದುರಿಗೆ ಕೂತವರು ಯಾವ ಗುಂಪಿನವರು ಎಂದು ಅವಳಿಗೆ ಗೊತ್ತಿರಕೂಡದು. ಗುಂಪಿನ ಪಟ್ಟಿ ಮೇಡಂ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಬೀಗದೊಳಗೆ.

ಮೊದಲ ದಿನವೇ ಮೇಡಂ ಅವಳನ್ನು ಕೂರಿಸಿಕೊಂಡು ಹೇಳಿದ್ದರು. “ಪ್ರಯೋಗ ಅಂದ್ರೆ ಇಷ್ಟೇ ಕಣಮ್ಮ. ಪ್ರಶ್ನೆ ಕೇಳೋದು, ಆಮೇಲೆ ಉತ್ತರ ಬರೋವರೆಗೂ ಬಾಯಿ ಮುಚ್ಕೊಂಡು ಕೂರೋದು. ಮೊದಲನೇದು ಎಲ್ಲರಿಗೂ ಬರುತ್ತೆ.”

ನಿಯಮದ ಹಾಳೆಯೂ ಇತ್ತು. ಹದಿನೈದು ಮಾತುಗಳನ್ನು ಒಂದೇ ದನಿಯಲ್ಲಿ ಓದಬೇಕು. ಹೇಳಲು ಒಂದೂವರೆ ನಿಮಿಷ ಕೊಡಬೇಕು. ಸರಿ ಎನ್ನಬಾರದು, ತಪ್ಪು ಎನ್ನಬಾರದು, ತಲೆ ಆಡಿಸಬಾರದು, ನಗಬಾರದು. ಹೂಂ ಎನ್ನಬಾರದು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಹೂಂ ಎನ್ನುವುದೂ ಒಂದು ಮಾತು ಎಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆಯಬೇಕಿತ್ತು. ಕತೆ ಕೇಳುವ ಮಗು ಹೂಂಗುಟ್ಟದಿದ್ದರೆ ಹೇಳುವ ಅಜ್ಜಿ ಅಲ್ಲೇ ನಿಲ್ಲಿಸುತ್ತಾಳೆ. ಫೋನಿನಲ್ಲಿ ನಾಲ್ಕು ಸಲ ಹೂಂ ಅನ್ನದಿದ್ದರೆ ಆ ಕಡೆಯವರು ಹಲೋ ಹಲೋ ಎಂದು ಬಡಬಡಿಸುತ್ತಾರೆ. ಅದನ್ನೇ ಉದ್ದಕ್ಕೆ ಎಳೆದರೆ ‘ಹೇಳಿ, ಇನ್ನೂ ಇದೆ’ ಎಂದರ್ಥ. ಗಿಡ್ಡಕ್ಕೆ ಕತ್ತರಿಸಿದರೆ ‘ಆಯಿತು, ಸಾಕು’ ಎಂದರ್ಥ. ಇದನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ, ಆದರೆ ಗೊತ್ತಿಲ್ಲದವರು ಒಬ್ಬರೂ ಇಲ್ಲ.

ಅವಳ ಮನೆಯಲ್ಲಿ ಅತ್ತೆ ಇದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವರು. ಒಂದು ಕಾಲದಲ್ಲಿ ಊರಿನ ಎಂಟುನೂರು ನಂಬರು ಅವರ ನಾಲಿಗೆಯ ಮೇಲಿತ್ತಂತೆ; ಡಾಕ್ಟರ ಮನೆಗೆ ಫೋನು ಕೇಳಿದವರಿಗೆ, ಡಾಕ್ಟರು ಈಗ ತಂಗಿಯ ಮನೆಯಲ್ಲಿದ್ದಾರೆ ಎಂದು ಅಲ್ಲಿಗೇ ಜೋಡಿಸುತ್ತಿದ್ದರಂತೆ. ಅಂಥ ಅತ್ತೆ ಈಗ ಒಲೆ ಹಚ್ಚಿದ್ದನ್ನು ಮರೆಯುತ್ತಿದ್ದರು. ಮಗನನ್ನು, ಎಂದರೆ ಇವಳ ಗಂಡನನ್ನು, ಒಮ್ಮೊಮ್ಮೆ ಸತ್ತ ತಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಗಂಡ ದೂರದ ಬಸ್ಸುಗಳ ಡ್ರೈವರು. ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ಅತ್ತೆ ಸೊಸೆ ಇಬ್ಬರೇ. ಅವರಿಬ್ಬರದು ಜಗಳವಾಡಿಯೇ ಗಟ್ಟಿಯಾದ ಪ್ರೀತಿ.

ಮೇಡಂ ಬರೆದ ಪಾಠದ ಪುಸ್ತಕವನ್ನು ಮನೆಗೆ ತಂದು ಅವಳು ಅತ್ತೆಗೂ ಮನೆ ಸುತ್ತಿಸಿದಳು. ಪ್ರತಿ ಭಾನುವಾರ ಅಡುಗೆಮನೆಯ ಮೇಜಿನ ಹತ್ತಿರ ಕೂತು ಹದಿನೈದು ಮಾತು ಓದುವಳು. ಅತ್ತೆ ಕಣ್ಣು ಮುಚ್ಚಿ ಹೇಳುವರು. ನಾಲ್ಕು ತಿಂಗಳಲ್ಲಿ ಐದಿದ್ದದ್ದು ಹನ್ನೆರಡಾಯಿತು. ಅವಳು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು, ಸಂತೋಷಕ್ಕೆ. ಅತ್ತೆ ವಾಪಸು ಬರುತ್ತಿದ್ದಾರೆ ಎಂದು ಅವಳು ನಂಬಿದಳು. ನಂಬಿಕೆಗೆ ಬಲ ಬೇಕಿತ್ತು. ಮೇಲಿನ ಮಹಡಿಯ ಮೂವತ್ತೆರಡು ಮಂದಿಗೆ ಈ ಪಾಠ ಫಲಿಸಿದರೆ ಅತ್ತೆಗೆ ಫಲಿಸಿದ್ದೂ ನಿಜ ಎಂದಾಗುತ್ತಿತ್ತು.

ಗುಂಪಿನ ಪಟ್ಟಿಯನ್ನು ಅವಳು ಕದ್ದು ನೋಡಲಿಲ್ಲ. ಆ ಮಟ್ಟಿಗೆ ಅವಳು ಪ್ರಾಮಾಣಿಕಳೇ. ಆದರೆ ಕೊನೆಯ ಪರೀಕ್ಷೆಗಳು ಶುರುವಾದ ಮೂರನೆಯ ದಿನ ಒಬ್ಬ ಅಜ್ಜಿ ಮಾತುಗಳನ್ನು ನೆನಪಿಸಿಕೊಳ್ಳುವಾಗ ಮೇಜಿನ ಮೇಲೆ ಬೆರಳಾಡಿಸಿದರು. ಚಿಲಕ ತೆಗೆದಂತೆ, ಪರದೆ ಸರಿಸಿದಂತೆ. ಅತ್ತೆಯೂ ಹಾಗೇ ಮಾಡುತ್ತಿದ್ದರು. ಓ, ಇವರು ಮನೆ ಸುತ್ತುತ್ತಿದ್ದಾರೆ ಎಂದು ಅವಳಿಗೆ ಥಟ್ಟನೆ ಗೊತ್ತಾಯಿತು. ಆಮೇಲೆ ಬಂದವರಲ್ಲೂ ಗೊತ್ತಾಗುತ್ತ ಹೋಯಿತು. ಆವತ್ತೇ ಮೇಲೆ ಹೋಗಿ ಮೇಡಂಗೆ ಹೇಳಬೇಕಿತ್ತು. ಬೆರಳಾಡಿಸಿದ್ದಕ್ಕೆಲ್ಲ ಯಾರು ದೂರು ಹೇಳುತ್ತಾರೆ ಎಂದುಕೊಂಡು ಸುಮ್ಮನಾದಳು.

ಮೂರು ವರ್ಷದ ಕೆಲಸ ಮುಗಿದು ಫಲಿತಾಂಶ ಬಂತು. ಮನೆ ಸುತ್ತಿದವರ ಅಂಕ ಸರಾಸರಿ ನಾಲ್ಕು ಏರಿತ್ತು, ಪೇಪರ್ ಓದಿದವರದು ಇದ್ದಲ್ಲೇ ಇತ್ತು. ಮೇಡಂ ಅವಳ ಬೆನ್ನು ತಟ್ಟಿದರು. ಬಂದ ಎಲ್ಲರಿಗೂ ಒಂದು ಕೃತಜ್ಞತೆಯ ಪತ್ರ ಹೋಯಿತು. ಕೊನೆಯಲ್ಲಿ ಅವರವರ ಮೊದಲ ಅಂಕ, ಕೊನೆಯ ಅಂಕ. ವರದಿ ಆರೋಗ್ಯ ಇಲಾಖೆಗೆ ಹೋಗುವುದಿತ್ತು. ಅವರು ಒಪ್ಪಿದರೆ ಹಿರಿಯರ ಕೇಂದ್ರಗಳಲ್ಲೆಲ್ಲ ಇದೇ ಪಾಠ. ವರದಿಯ ಜೊತೆ ಪರೀಕ್ಷೆಯ ಮಾತುಕತೆಯನ್ನೂ ಟೈಪ್ ಮಾಡಿ ಕೊಡಬೇಕು ಎಂದು ಇಲಾಖೆ ಕೇಳಿತು. ಅಲ್ಲಿಗೆ ಟೈಪಿಸ್ಟ್ ಮಾಮ ಬಂದರು.

ಟೈಪಿಸ್ಟ್ ಮಾಮ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ ನಿವೃತ್ತರಾದವರು. ಅವರ ಕಿವಿಗೆ ಬಿದ್ದದ್ದು ಕಾಗದಕ್ಕೆ ಬೀಳದೆ ಹೋದ ಚರಿತ್ರೆಯಿಲ್ಲ. ಕೆಮ್ಮಿದರೆ ‘ಕೆಮ್ಮು’ ಎಂದು ಟೈಪ್ ಮಾಡುವರು, ಕುರ್ಚಿ ಕಿರುಗುಟ್ಟಿದರೆ ಅದನ್ನೂ ಬಿಡರು. ಎರಡು ವಾರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದು, ಒಂದು ಮಧ್ಯಾಹ್ನ ಅವಳನ್ನು ಕರೆದರು.

“ಒಂದು ಅನುಮಾನ ತಾಯಿ. ನಿಮ್ಮ ಹೂಂ ಎರಡು ಥರ ಇದೆ. ಕೆಲವರಿಗೆ ದೀರ್ಘ, ಕೆಲವರಿಗೆ ಹ್ರಸ್ವ. ನಾನು ಕೇಳಿದ ಹಾಗೇ ಹೊಡೆದಿದ್ದೀನಿ. ಎಲ್ಲ ಒಂದೇ ಥರ ಮಾಡ್ಬೇಕಾ?”

ಅವಳು ನಕ್ಕು ಪುಟಗಳನ್ನು ಕೈಗೆತ್ತಿಕೊಂಡಳು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಗು ಹೋಯಿತು. ಬೆರಳಾಡಿಸಿದ ಆ ಅಜ್ಜಿಯ ಪುಟದಲ್ಲಿ, ಅಜ್ಜಿ ತಡವರಿಸಿದಲ್ಲೆಲ್ಲ ‘ಹೂಂ…’, ಮತ್ತೆ ‘ಹೂಂ…’. ಪ್ರತಿ ಹೂಂ ಆದಮೇಲೆ ಅಜ್ಜಿ ಇನ್ನೊಂದು ಮಾತು ಹುಡುಕಿ ತಂದಿದ್ದರು. ಮತ್ತೊಂದು ಪುಟದಲ್ಲಿ ಬೇರೆ ಯಾರೋ ತಡವರಿಸಿದಾಗ ‘ಹುಂ.’ ಅಷ್ಟೇ. ಮುಂದೆ ಏನೂ ಇಲ್ಲ, ಬರೀ ಕುರ್ಚಿಯ ಕಿರುಗುಟ್ಟು.

“ಕೋರ್ಟಲ್ಲಿ ವಕೀಲರು ಸಾಕ್ಷಿಗೆ ಹೀಗೆ ಹೂಂ ಅಂತ ಎಳೆದಿದ್ರೆ, ಎದುರು ಪಾರ್ಟಿಯವರು ಎದ್ದು ನಿಲ್ತಿದ್ರು,” ಎಂದು ಮಾಮ ತಮಾಷೆಗೆ ಸೇರಿಸಿದರು.

ತಾನು ಏನು ಮಾಡಿದ್ದೇನೆ ಎಂದು ಆ ಕ್ಷಣವೇ ಅವಳಿಗೆ ಪೂರ್ತಿ ತಿಳಿದಿತ್ತು. ಆಮೇಲೆ ಎಷ್ಟೋ ಸಲ, ಆಗ ತಿಳಿಯಲಿಲ್ಲ ಎಂದು ತನಗೇ ಹೇಳಿಕೊಂಡಳು, ಅದು ಸುಳ್ಳು. ತಿಳಿದೇ ಅವಳು ಹೇಳಿದಳು: “ಹೂಂ ಎಲ್ಲ ತೆಗೆದುಬಿಡಿ ಮಾಮ. ಅದೇನು ಮಾತಲ್ವಲ್ಲ.”

ಮಾಮ ಕನ್ನಡಕದ ಮೇಲಿನಿಂದ ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ಕೆಲಸಕ್ಕೆ ತಿರುಗಿಕೊಂಡರು. ಮಾರನೆಯ ದಿನ ಅವಳ ಮೇಜಿನ ಮೇಲೆ ಚೊಕ್ಕ ಪುಟಗಳು ಬಂದು ಕೂತಿದ್ದವು. ಒಂದು ಹೂಂ ಇಲ್ಲ, ಒಂದು ಹುಂ ಇಲ್ಲ. ಕೋಣೆಯಲ್ಲಿ ಮುದುಕರು ತಮ್ಮ ಪಾಡಿಗೆ ತಾವು ಮಾತಾಡಿಕೊಂಡಂತಿತ್ತು.

ಆ ಪುಟಗಳನ್ನು ಮೇಡಂ ಮೇಜಿಗೆ ಮುಟ್ಟಿಸಿ ಅವಳು ನಿಟ್ಟುಸಿರು ಬಿಡುವ ಹೊತ್ತಿಗೆ ಕಬ್ಬಿಣದ ಕಪಾಟಿನ ಬೀಗ ಕೆಟ್ಟು ಕೂತಿತು. ಒಳಗೆ ಗುಂಪಿನ ಪಟ್ಟಿ. ಶುಕ್ರವಾರ ಎಲ್ಲವೂ ಇಲಾಖೆಗೆ ಹೋಗಬೇಕು. ಬೀಗದವರನ್ನು ಕರೆತಾ ಎಂದು ಮೇಡಂ ಅವಳನ್ನೇ ಅಟ್ಟಿದರು. ಅವಳಿಗೆ ಗೊತ್ತಿದ್ದ ಬೀಗದವರು ಒಬ್ಬರೇ, ಪ್ರಯೋಗಕ್ಕೆ ಬರುತ್ತಿದ್ದ ಬೀಗದ ಯಜಮಾನರು. ಎಪ್ಪತ್ತೆಂಟು ವರ್ಷ, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಹೋಗದ ಕಬ್ಬಿಣದ ಕಪ್ಪು. ಪರೀಕ್ಷೆಯ ದಿನ ಬಾಗಿಲಿನಲ್ಲಿ ನಿಂತು ಕೋಣೆಯ ಬೀಗವನ್ನೊಮ್ಮೆ ನೋಡಿ, ಇದನ್ನು ನಾನು ತಲೆಗೂದಲ ಪಿನ್ನಲ್ಲಿ ತೆಗೆಯಬಲ್ಲೆ ಎಂದು ನಕ್ಕಿದ್ದರು.

ಅಂಗಡಿ ಎರಡು ದೊಡ್ಡ ಅಂಗಡಿಗಳ ನಡುವೆ ಸಿಕ್ಕಿಕೊಂಡಂತೆ ಇತ್ತು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಹಲ್ಲು ಕೊರೆಯದ ಕೀಲಿಗಳು. ಮುಂದೆ ಯಂತ್ರದ ಹತ್ತಿರ ಅಳಿಯ ಕೂತಿದ್ದ. ಯಜಮಾನರು ಹಿಂದೆ ಸ್ಟೂಲಿನ ಮೇಲೆ ಕೂತು ತುಕ್ಕು ಹಿಡಿದ ಹಳೆಯ ಬೀಗವೊಂದನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅವಳನ್ನು ಕಂಡು ಗಡಿಯಾರದ ಹುಡುಗಿ ಬಂದಳು ಎಂದು ಎದ್ದು ನಿಂತರು, ಸ್ಟೂಲು ಬಿಟ್ಟುಕೊಟ್ಟರು. ಕಪಾಟಿನ ವಿಷಯ ಹೇಳಿದ ಕೂಡಲೇ ಮಾತ್ರ ಅಳಿಯನ ಕಡೆ ಕೈ ತೋರಿಸಿದರು. ನೀವೇ ಬರಬಾರದೇ ಎಂದು ಅವಳು ಕೇಳಿದಳು.

“ಬಿಟ್ಟುಕೊಟ್ಟೆ ಕಣಮ್ಮ,” ಎಂದರು ಯಜಮಾನರು. ದನಿಯಲ್ಲಿ ಸಿಟ್ಟಿರಲಿಲ್ಲ. “ಯಾರ ಮನೇದು ಯಾವ ಕೀಲಿ ಅಂತ ಎಲ್ಲ ತಲೇಲೇ ಇಟ್ಕೊಂಡಿದ್ದೆ, ಎಲ್ಲೂ ಬರೀತಿರ್ಲಿಲ್ಲ. ಬರೆದ್ರೆ ಕಳ್ಳನ ಕೈಗೆ ಕೊಟ್ಟ ಹಾಗೆ. ಆಮೇಲೆ ನಿಮ್ಮ ಕಾಗದ ಬಂತು. ಏಳಿದ್ದದ್ದು ಆರಾಗಿದೆ ಅಂತ. ನನ್ನ ಜೊತೆ ಬಸ್ಸಲ್ಲಿ ಬರ್ತಿದ್ದ ಇಬ್ಬರಿಗೂ ಏರಿದೆ, ನನಗೆ ಇಳಿದಿದೆ. ಜನ ಮನೆ ಬಾಗ್ಲು ನಂಬಿ ಕೊಡ್ತಾರೆ. ಸೈನ್ಸೇ ಹೇಳಿದ್ಮೇಲೆ ನಾನು ಹಟ ಹಿಡಿಯೋದು ತಪ್ಪಲ್ವಾ.”

ಅಳಿಯ ತಲೆ ಎತ್ತದೆ, ನಾವೇನೂ ಬಿಡಿ ಅಂದಿರಲಿಲ್ಲ, ಅವರೇ ಕೈಯಾರೆ ತಂದುಕೊಟ್ಟರು ಎಂದ.

ಆಫೀಸಿಗೆ ವಾಪಸಾಗುವ ದಾರಿಯಲ್ಲಿ ಅಳಿಯ ಅವಳ ಜೊತೆ ಏನೇನೋ ಮಾತಾಡಿದ, ಅವಳ ಕಿವಿಗೆ ಒಂದೂ ಬೀಳಲಿಲ್ಲ. ಅವಳು ನೇರ ಟೈಪಿಸ್ಟ್ ಮಾಮನ ಬಳಿ ಹೋಗಿ, ಹಳೆಯ ಪುಟಗಳು ಇವೆಯೇ ಎಂದು ಕೇಳಿದಳು. ಅವಳು ಹಾಗೆ ಕೇಳಿಯೇ ಕೇಳುತ್ತಾಳೆ ಎಂದು ಗೊತ್ತಿದ್ದವರಂತೆ ಮಾಮ ಡ್ರಾಯರ್ ಎಳೆದು ದಾರ ಕಟ್ಟಿದ ಕಟ್ಟೊಂದನ್ನು ಕೊಟ್ಟರು. ಮೂಲ ಪ್ರತಿ ಹರಿಯುವ ಅಭ್ಯಾಸ ನನಗಿಲ್ಲ ಎಂದಷ್ಟೇ ಹೇಳಿದರು.

ಯಜಮಾನರ ಪುಟ ನಲವತ್ತೊಂದನೆಯದು. ಸೇತುವೆ, ಕಂಬಳಿ, ಗಂಟೆ, ಮೋಡ, ಕುದುರೆ, ಏಣಿ ಎಂದು ಆರು ಹೇಳಿದ್ದರು. ಆಮೇಲೆ ಮಾಮನ ಟೈಪಿನಲ್ಲಿ ಹೀಗಿತ್ತು: ‘ಬಾ… ಬಾ…’ ಅದರ ಕೆಳಗೆ ಅವಳದು: ‘ಹುಂ.’ ಅದರ ಕೆಳಗೆ ಯಜಮಾನರದು: ‘ಅಷ್ಟೇ ಕಣಮ್ಮ.’ ಅದರ ಕೆಳಗೆ ಹತ್ತೊಂಬತ್ತು ಸೆಕೆಂಡಿನ ಮೌನ, ಆಮೇಲೆ ಗಡಿಯಾರದ ಸದ್ದು.

ಅವಳಿಗೆ ಆ ಮಧ್ಯಾಹ್ನ ನೆನಪಿತ್ತು. ಯಜಮಾನರ ಕೈ ತೊಡೆಯ ಮೇಲೆ ಅಲ್ಲಾಡದೆ ಕೂತಿತ್ತು, ಬೆರಳು ಯಾವ ಬಾಗಿಲನ್ನೂ ತೆರೆಯುತ್ತಿರಲಿಲ್ಲ. ಪೇಪರ್ ಗುಂಪಿನವರು, ಇವರಿಗೆ ಇಷ್ಟೇ ಬರುವುದು ಎಂದು ಅವಳು ಒಳಗೊಳಗೇ ತೀರ್ಮಾನ ಮಾಡಿದ್ದಳು. ಇನ್ನೂ ಕೆಟ್ಟದ್ದೆಂದರೆ, ಇಷ್ಟೇ ಬರಲಿ ಎಂದೂ ಬಯಸಿದ್ದಳು. ಅವರು ಕಡಿಮೆ ಹೇಳಿದಷ್ಟೂ ಅತ್ತೆಯ ಹನ್ನೆರಡು ಗಟ್ಟಿಯಾಗುತ್ತಿತ್ತು. ನೆಲ ಬಾಯಿ ಬಿಟ್ಟಿದ್ದರೆ ಅವಳು ಆಗಲೇ ಇಳಿದುಹೋಗುತ್ತಿದ್ದಳು. ಹಿರಿಯರೊಬ್ಬರು ಎದುರಿಗೆ ಕೂತು ನಾಲಿಗೆಯ ತುದಿಯಲ್ಲಿ ಮಾತು ಹಿಡಿದುಕೊಂಡು ಅವಳ ಮುಖ ನೋಡಿದ್ದರು, ಅವಳು ಬಾಗಿಲು ಹಾಕಿದ್ದಳು.

ಅದು ಬುಧವಾರ. ಆವತ್ತು ಸಂಜೆ ಅವಳು ಅತ್ತೆಯನ್ನು ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿದಳು. ಭಾನುವಾರ ಅಲ್ಲವಲ್ಲ ಎಂದು ಅತ್ತೆ ಕೇಳಿದ್ದು ಅವಳಿಗೆ ಎಷ್ಟು ಹಿತವಾಯಿತೆಂದರೆ, ಈ ಪರೀಕ್ಷೆಯೇ ಬೇಡ ಎನಿಸಿತು. ಆದರೂ ಓದಿದಳು. ಹದಿನೈದು ಹೊಸ ಮಾತು, ಒಂದೇ ದನಿಯಲ್ಲಿ. ಓದಿ, ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತಳು. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

ಅತ್ತೆ ಮೂರು ಹೇಳಿದರು. ನಾಲ್ಕನೆಯದಕ್ಕೆ ನಿಂತರು. ಹಿಂದಿನಿಂದ ಬೆರಳು ಮೇಜಿನ ಮೇಲೆ ಸರಿದಾಡುವ ಸದ್ದು ಕೇಳುತ್ತಿತ್ತು. ಗೇಟು, ಚಪ್ಪಲಿ ಗೂಡು, ಮತ್ತೆ ಗೇಟು. ಅವಳ ಗಂಟಲಿನಲ್ಲಿ ಆ ಹೂಂ ಬಂದು ನಿಂತಿತು, ಅವಳು ಅದನ್ನು ನುಂಗಿದಳು. ಅತ್ತೆ ಇನ್ನೊಂದು ಹೇಳಿದರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

“ಏನೇ, ಸಿಟ್ಟಾಗಿದ್ದೀಯಾ?” ಎಂದರು ಅತ್ತೆ. “ಹೂಂ ಅನ್ನು. ನೀನು ಹೂಂ ಅನ್ನದೇ ಇದ್ರೆ ಲೈನಲ್ಲಿ ಯಾರೂ ಇಲ್ವೇನೋ ಅನ್ಸುತ್ತೆ.”

ನಾಲ್ಕು. ಹನ್ನೆರಡಲ್ಲ, ನಾಲ್ಕು. ತಪ್ಪಿದಾಗ ಸುಮ್ಮನಿದ್ದು, ಸರಿಯ ದಾರಿಗೆ ಬಂದಾಗ ಉದ್ದಕ್ಕೆ ಎಳೆದು, ಅವಳೇ ಕೈ ಹಿಡಿದು ಅತ್ತೆಯನ್ನು ಮನೆಯೆಲ್ಲ ಸುತ್ತಿಸಿದ್ದಳು. ಅತ್ತೆ ವಾಪಸು ಬಂದಿರಲಿಲ್ಲ. ಅವಳು ತಿರುಗಿ ಅತ್ತೆಯ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು. ಯಾಕೆಂದು ಗೊತ್ತಿಲ್ಲದಿದ್ದರೂ ಅತ್ತೆ ಅವಳ ತಲೆ ಸವರುತ್ತ, ಹೂಂ, ಹೂಂ, ಹೇಳು ಎನ್ನುತ್ತಿದ್ದರು. ಎಕ್ಸ್‌ಚೇಂಜಿನ ಹಳೆಯ ಅಭ್ಯಾಸ.

ಗುರುವಾರ ಬೆಳಗ್ಗೆ ಅವಳು ದಾರ ಕಟ್ಟಿದ ಕಟ್ಟನ್ನು ಮೇಡಂ ಮುಂದಿಟ್ಟಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಕೈಕೊಟ್ಟಿತು, ಹೇಗೋ ಹೇಳಿದಳು. ಬೆರಳಿನ ವಿಷಯ, ಹೂಂ ವಿಷಯ, ಮಾಮನಿಂದ ಅಳಿಸಿದ ವಿಷಯ. ಅತ್ತೆಯ ವಿಷಯವನ್ನೂ ಹೇಳಿದಳು, ಕ್ಷಮೆಗೆ ಕಾರಣವಾಗಿ ಅಲ್ಲ, ಹೇಳದಿದ್ದರೆ ಅರ್ಧ ಬಚ್ಚಿಟ್ಟಂತಾಗುತ್ತಿತ್ತು ಎಂದು. ಮೇಡಂ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಎದುರಿಗೆ ಕೂತವರು ಹೂಂ ಎನ್ನದೆ ಕೇಳಿದರೆ ಮಾತು ಎಷ್ಟು ಭಾರವಾಗುತ್ತದೆ ಎಂದು ಅವಳಿಗೆ ಆಗ ಗೊತ್ತಾಯಿತು.

ಮೇಡಂ ಹೊಸ ಬೀಗ ತೆಗೆದು ಪಟ್ಟಿ ಹೊರಗಿಟ್ಟರು. ಪಟ್ಟಿಯನ್ನೂ ಪುಟಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲಿನಿಂದ ಒಂದೊಂದೇ ಗುರುತು ಹಾಕುತ್ತ ಹೋದರು. ಮಧ್ಯಾಹ್ನದ ಊಟದ ಹೊತ್ತು ಆಯಿತು, ಹೋಯಿತು. ಕೊನೆಗೆ ಪೆನ್ಸಿಲ್ ಕೆಳಗಿಟ್ಟರು.

“ಮೂವತ್ತೆರಡರಲ್ಲಿ ಇಪ್ಪತ್ತೊಂಬತ್ತು ಜನಾನ ಸರಿಯಾಗಿ ಗುರುತು ಹಿಡಿದಿದ್ದೀಯ,” ಎಂದರು. “ಮೂರು ವರ್ಷದಲ್ಲಿ ನಿನ್ನ ಫಲಿತಾಂಶ ಒಂದೇ ಗಟ್ಟಿಯಾಗಿರೋದು.”

ಅವಳು ತಲೆ ತಗ್ಗಿಸಿ ನಿಂತಿದ್ದಳು. ಹಾಗಾದರೆ ಪಾಠದಿಂದ ಪ್ರಯೋಜನವೇ ಇಲ್ಲವೇ ಎಂದು ತೊದಲಿದಳು.

“ಗೊತ್ತಿಲ್ಲ. ಇರ್ಬಹುದು, ಇಲ್ದೇನೂ ಇರ್ಬಹುದು. ಇಲಾಖೆಗೆ ಅದನ್ನೇ ಬರೀತೀನಿ, ಗೊತ್ತಿಲ್ಲ ಅಂತ.” ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನಿನ್ನ ಕಣ್ಣು ಕಟ್ಟಿದೆ ಅಂದ್ಕೊಂಡು ನಿಶ್ಚಿಂತೆಯಾಗಿದ್ದೆ. ಆ ರೆಕಾರ್ಡಿಂಗ್ ಮೂರು ವರ್ಷದಿಂದ ಈ ರೂಮಲ್ಲೇ ಇತ್ತು. ಒಂದನ್ನೂ ಹಾಕಿ ಕೇಳಲಿಲ್ಲ. ಬೇಕಾಗಿದ್ದ ಉತ್ತರ ಬಂದ್ಬಿಟ್ಟಿತ್ತಲ್ಲ.”

ಬಯ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಮೇಡಂ ಬಯ್ಯಲಿಲ್ಲ. ಇನ್ನು ಮೇಲೆ ಪರೀಕ್ಷೆಯ ಕೋಣೆಯಲ್ಲಿ ಅವಳಿಗೆ ಕೆಲಸವಿಲ್ಲ ಎಂದರು. ಎಲ್ಲರನ್ನೂ ಕರೆಸಿ ಇದನ್ನು ಹೇಳಬೇಕು ಎಂದರು. ಮೊದಲು ನಾನು ಹೇಳುತ್ತೇನೆ, ಹೂಂ ವಿಷಯ ನೀನೇ ಹೇಳು ಎಂದರು.

ಮುಂದಿನ ವಾರ ಮೇಲಿನ ಮಹಡಿಯ ಸಭಾಂಗಣಕ್ಕೆ ಐವತ್ತೆರಡು ಮಂದಿ ಬಂದರು. ಫಲಿತಾಂಶದ ಸಂಭ್ರಮ ಎಂದುಕೊಂಡು ಕೆಲವರು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಬೀಗದ ಯಜಮಾನರು ಮೂರನೆಯ ಸಾಲಿನ ಕೊನೆಯಲ್ಲಿ ಕೂತಿದ್ದರು, ಅದೇ ಇಸ್ತ್ರಿಯ ಅಂಗಿ. ಪ್ರಯೋಗ ಕೆಟ್ಟಿದೆ, ನಿಮಗೆ ಕಳಿಸಿದ ಅಂಕಗಳನ್ನು ನಂಬಬೇಡಿ, ತಪ್ಪು ನಮ್ಮದು ಎಂದು ಮೇಡಂ ನಾಲ್ಕು ಮಾತಿನಲ್ಲಿ ಹೇಳಿ ಅವಳ ಕಡೆ ತಿರುಗಿದರು.

ಅವಳು ಎದ್ದು ನಿಂತಳು. ಕೊರಳಲ್ಲಿ ಗಡಿಯಾರವಿರಲಿಲ್ಲ; ಕೈ ಎರಡು ಸಲ ಅದನ್ನು ಹುಡುಕಿತು. ಪರೀಕ್ಷೆ ಮಾಡುವವರು ಸುಮ್ಮನಿರಬೇಕು ಎಂದು ಶುರು ಮಾಡಿದಳು. ನಾನು ಕೆಲವರಿಗೆ ಸಹಾಯ ಮಾಡಿದೆ, ಕೆಲವರಿಗೆ ಮಾಡಲಿಲ್ಲ ಎಂದಳು. ಹೂಂ ಎಂದರೇನು, ಹುಂ ಎಂದರೇನು ಎಂದು ವಿವರಿಸಿದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು ನಕ್ಕರು, ಅಕ್ಕಪಕ್ಕದವರು ಸುಮ್ಮನಿರಿಸಿದರು. ಆಮೇಲೆ ಅವಳು ಒಬ್ಬರ ವಿಷಯ ಹೇಳಬೇಕು ಎಂದಳು. ಒಬ್ಬರು ಆರು ಮಾತು ಹೇಳಿದ್ದರು, ಏಳನೆಯದು ಬಾಯಿಗೆ ಬಂದಿತ್ತು, ಇನ್ನೂ ಹತ್ತೊಂಬತ್ತು ಸೆಕೆಂಡು ಇತ್ತು, ನಾನು…

ಅಲ್ಲಿಗೆ ಅವಳ ದನಿ ನಿಂತಿತು. ಬಾಯಿ ತೆರೆದರೆ ಅಳುವೇ ಬರುತ್ತದೆ ಎಂದು ಗೊತ್ತಾಗಿ ತುಟಿ ಬಿಗಿ ಹಿಡಿದು ನಿಂತಳು. ಐವತ್ತೆರಡು ಜೊತೆ ಕಣ್ಣು ಅವಳ ಮೇಲಿತ್ತು. ಇಷ್ಟು ಸಾಕು, ಕೂತುಬಿಡೋಣ ಎಂದು ಅವಳು ಕುರ್ಚಿಯ ಕೈಯನ್ನು ಹಿಡಿದುಕೊಂಡಳು.

ಮೂರನೆಯ ಸಾಲಿನ ಕೊನೆಯಿಂದ ಯಜಮಾನರ ದನಿ ಬಂತು. “ಹೂಂ…”

ಉದ್ದಕ್ಕೆ, ಎಳೆದು.

ಅದರ ಅರ್ಥ ಅವಳಿಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಕುರ್ಚಿಯ ಕೈ ಬಿಟ್ಟಳು, ಅವರ ಕಡೆಗೇ ನೋಡುತ್ತ ಉಳಿದದ್ದನ್ನು ಹೇಳಿದಳು. “ನೀವು ‘ಬಾ’ ಅಂದ್ರಿ ಯಜಮಾನ್ರೇ. ಎರಡು ಸಲ ಅಂದ್ರಿ. ನಾನು ಹುಂ ಅಂದು ನಿಮ್ಮ ಬಾಯಿ ಮುಚ್ಚಿಸಿದೆ. ನಿಮ್ಮ ತಲೇಲಿ ಏನೂ ತಪ್ಪಿರ್ಲಿಲ್ಲ.”

ಯಜಮಾನರು ಎದ್ದು ನಿಂತರು.

“ಬಾಚಣಿಗೆ,” ಎಂದರು. “ಆವತ್ತು ನಾಲಿಗೆ ಮೇಲೇ ಇತ್ತು. ವರ್ಷ ಆಯ್ತು, ಇನ್ನೂ ಅಲ್ಲೇ ಇದೆ. ಸರಿ ತಾನೇ?”

ಸರಿ ಎನ್ನಬಾರದು, ತಪ್ಪು ಎನ್ನಬಾರದು. ಮೂರು ವರ್ಷ ಆ ನಿಯಮದ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದ್ದೇನೆ ಎಂದು ಅವಳು ನಂಬಿದ್ದಳು.

“ಸರಿ ಯಜಮಾನ್ರೇ,” ಎಂದಳು. “ಸರಿಯಾಗೇ ಇತ್ತು.”